ಸುಂಕದವನ ಮುಂದೆ

ಬೆಳಗಿನ ಜಾವ ನಾಲ್ಕಕ್ಕೆ, ವೇಲ್ಸ್ ದೇಶದ ಬ್ಲೈನೈ ಊರಿನ
ಹಳೆಯ ಸ್ಲೇಟುಗಣಿಯ ಚಳಿಯಲ್ಲಿ
ಇದ್ವಲ್‌ನ ಎಡಗೆನ್ನೆಗೆ ಗಾಯ ಅಂಟಿಸುವುದು
ನನ್ನ ಕೆಲಸ.

ರಾಜನಿಗೆ ಬೇರೆ ಗಾಡಿ, ಗಾಡಿಯೊಳಗೆ ಹೀಟರು.
ಮಾಟಗಾತಿಯ ತಲೆಗೂದಲಿಗೇ ಇಬ್ಬರು.
ಇವನಿಗೆ ನಾನು, ಒಂದು ಮಡಚುವ ಕುರ್ಚಿ, ಗೋಂದಿನ ಡಬ್ಬಿ.
ಹಾಳೆಯಲ್ಲಿ ಹೆಸರೂ ಇಲ್ಲ:
‘ಸುಂಕದವನು, ಎರಡನೆಯವನು.’
ಒಟ್ಟು ನಾಲ್ಕು ಕಂತು, ಹನ್ನೊಂದು ಮಾತು,
ಅದರಲ್ಲಿ ಆರು ಬರೀ ‘ಏಯ್’.

ವರ್ಷದ ಉಳಿದ ದಿನ ಶಾಲೆಯ ಬಸ್ಸು ಓಡಿಸುತ್ತಾನೆ.
ಗೋಂದು ಒಣಗುವ ತನಕ ನಗಬೇಡ ಅಂದರೆ
ಯಾವ ತಿರುವಿನಲ್ಲಿ ಯಾರ ಕುರಿ ಅಡ್ಡ ಬಂತು
ಎಂದು ತುಟಿ ಅಲ್ಲಾಡಿಸದೆ ಹೇಳುತ್ತಾನೆ,
ನಗುವವಳು ನಾನು.

ಮೂರನೆಯ ಕಂತಿನ ದಿನ ನನಗೆ ನಿದ್ದೆಯಿಲ್ಲ.
ಬ್ಯಾಂಗರಿನ ಆಸ್ಪತ್ರೆಯಲ್ಲಿ ತಂಗಿಯ ಹೆರಿಗೆ,
ರಾತ್ರಿಯಿಡೀ ಬೆಂಚಿನ ಮೇಲೆ ಕೂತು ಬಂದಿದ್ದೆ.
ಕನ್ನಡಿಯ ಹೊರಗಿದ್ದ ಇದ್ವಲ್‌ಗೆ ಕೈ ಹಾಕಿದೆನೋ,
ಒಳಗಿದ್ದವನಿಗೋ,
ಗಾಯ ಬಲಗೆನ್ನೆಗೆ ಹೋಗಿ ಕೂತಿತು.

ನನಗದು ಕಂಡದ್ದು ಅವನು ಸೇತುವೆ ಹತ್ತಿದ ಮೇಲೆ.
ನಿರ್ದೇಶಕರು ಆ ವಾರ ಎರಡು ಸಲ ಗದರಿದ್ದರು,
ಇನ್ನೊಂದು ತಪ್ಪಿಗೆ ಮನೆ ದಾರಿ ಎಂದಿದ್ದರು.
ಬಾಯಿ ತೆರೆದೆ. ಕ್ಲ್ಯಾಪು ಬಿತ್ತು.

ಹುಡುಗ ಬಂದ, ಹಾಲಿನ ತಂಬಿಗೆ ಎದೆಗವಚಿಕೊಂಡು.
ಯೋಲೊ, ಇವನದೇ ಬಸ್ಸಿನವನು, ಬಾಗಿಲ ಪಕ್ಕದ ಸೀಟು.
ಅಪ್ಪ ಯುದ್ಧದಲ್ಲಿ, ಅವ್ವನಿಗೆ ಜ್ವರ,
ಒಂದು ಕಾಸೂ ಇಲ್ಲ ಒಡೆಯಾ, ಎಂದ.
ಸುಂಕದವನ ಮುಂದೆ ಸುಖದುಃಖ.
ಇದ್ವಲ್ ತಂಬಿಗೆ ಕಿತ್ತುಕೊಳ್ಳಬೇಕು,
ಹುಡುಗನ ಕಣ್ಣಲ್ಲಿ ಕಣ್ಣಿಟ್ಟು, ನಗುತ್ತ,
ಹಾಲನ್ನು ಹೊಳೆಗೆ ಸುರಿಯಬೇಕು.

ಕಿತ್ತುಕೊಂಡ. ಸುರಿದ.
ಮುಖ ಮಾತ್ರ ಹೊಳೆಯ ಆಚೆಗೆ.
ಕುಲಾವಿಯನ್ನು ಗಲ್ಲದವರೆಗೆ ಎಳೆದುಕೊಂಡು
ಹುಡುಗನನ್ನು ನೋಡಲೇ ಇಲ್ಲ.
‘ಏಯ್’ ಎನ್ನಬೇಕಾದಲ್ಲಿ ಅದನ್ನೂ ಎನ್ನಲಿಲ್ಲ.
ನಿರ್ದೇಶಕರು ಮೋಡ ನೋಡಿದರು, ಗಡಿಯಾರ ನೋಡಿದರು,
‘ಇರಲಿ, ಮುಂದಿನದು’ ಎಂದರು.

ಗೋಂದು ಬಿಡಿಸುತ್ತ ಕೇಳಿದೆ: ಯಾವಾಗ ಗೊತ್ತಾಯಿತು?
‘ಗಾಳಿ ಬೀಸಿ ಬಲಗಡೆ ಚುರುಕ್ ಅಂದಾಗ.’
ಆಮೇಲೆ, ತಂಗಿಗೆ ಏನು ಮಗು, ಎಂದ.
ಹೆಣ್ಣು, ಅಂದೆ.

ನಾಲ್ಕನೆಯ ಕಂತಿನಲ್ಲಿ ಸತ್ತ.
ಬಾಣ ಯುವರಾಜನದೂ ಅಲ್ಲ, ಯಾರೋ ದಾರಿಹೋಕನದು.
ಚೌಕಟ್ಟಿನಾಚೆ ಹಾಸಿದ್ದ ಹಾಸಿಗೆಗೆ ಬಿದ್ದು
ಟೀ ಕೇಳಿದ.

ಟಿವಿಯಲ್ಲಿ ಬಂದ ವಾರವೇ ಒಂದು ಕಾಗದ,
ಲಕೋಟೆಯ ಮೇಲೆ: ‘ಸೇತುವೆಯಲ್ಲಿದ್ದವರಿಗೆ.’
ಫಿಶ್‌ಗಾರ್ಡಿನ ಒಬ್ಬ ಮುದುಕಿ, ಪೆನ್ಸಿಲ್ಲಿನ ಅಕ್ಷರ.
ಮೂವತ್ತು ವರ್ಷ ಸಾಲ ವಸೂಲಿಗೆ ಮನೆಮನೆ ತಿರುಗಿದವಳಂತೆ.
‘ಅವರ ರೇಡಿಯೋ, ಅವರ ತೊಟ್ಟಿಲು ಎತ್ತಿಸುವಾಗ
ನಾನೂ ಹಾಗೇ ನಿಲ್ಲುತ್ತಿದ್ದೆ, ಗೋಡೆ ನೋಡಿಕೊಂಡು.
ನಿಮಗೆ ಅದು ಹೇಗೆ ತಿಳಿಯಿತು?’

ಇದ್ವಲ್ ನನ್ನಿಂದ ಅದನ್ನು ಎರಡು ಸಲ ಓದಿಸಿದ.
ಪೆನ್ನು ಕೊಡು ಅಂದ, ಕೊಟ್ಟೆ. ಬೇಡ ಅಂದ.
ಗೋಂದಿನ ಕತೆ ಬರೆದರೆ ಆಕೆಗೇನು ಉಳಿಯುತ್ತದೆ?
ಬರೆಯದಿದ್ದರೆ ಕಳ್ಳ ನಾನೇ ಅಲ್ಲವೇ,
ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ,
ಬ್ರಷ್ಷು ತೊಳೆಯುತ್ತಿದ್ದೆ.

ಗಾಯ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ,
ಪೌಡರು ಸವರಿ, ಮೇಣದ ಕಾಗದದಲ್ಲಿ ಸುತ್ತಿ.
ಮೊನ್ನೆ ಬಿಡಿಸಿ ನೋಡಿದೆ:
ಎಡದ್ದೋ ಬಲದ್ದೋ, ಹೇಳಲಾಗಲಿಲ್ಲ.

ಕಾಗದ ಬಸ್ಸಿನ ಕನ್ನಡಿಯ ಹಿಂದೆ ಸಿಕ್ಕಿಕೊಂಡಿದೆಯಂತೆ.
ಯೋಲೊ ದಿನಾ ಹತ್ತುವಾಗ ಕೈ ಚಾಚುತ್ತಾನೆ,
ನನ್ನ ಹಾಲೆಲ್ಲಿ ಒಡೆಯಾ?
ಮಕ್ಕಳೆಲ್ಲ ಗೊಳ್ಳೆಂದು ನಗುತ್ತಾರೆ.
ಇದ್ವಲ್ ರಸ್ತೆ ನೋಡುತ್ತಾನೆ.